ಆಟಗಾರನ ಕೋಟಿ, ಸಿಇಒ ಕೋಟಿ: ಎರಡಕ್ಕೂ ಒಂದೇ ತಕ್ಕಡಿ ಸಾಲದು

ಪ್ರಶ್ನೆ: ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ವರ್ಷಕ್ಕೆ ನಾಲ್ಕೈದು ಕೋಟಿ ಡಾಲರ್ ಸಂಬಳ. ದೊಡ್ಡ ಕಂಪನಿಯ ಸಿಇಒಗೂ ಹೆಚ್ಚುಕಮ್ಮಿ ಅಷ್ಟೇ. ರಾತ್ರಿಯಿಡೀ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಮಾತ್ರ ತಿಂಗಳ ಕೊನೆಗೆ ಪರದಾಡುತ್ತಾರೆ. ‘ಮಾರುಕಟ್ಟೆ ಕೊಡುತ್ತೆ, ಅವರು ತಗೋತಾರೆ, ಇದರಲ್ಲಿ ಅನ್ಯಾಯ ಏನು ಬಂತು?’ ಎನ್ನುತ್ತಾರೆ ನನ್ನ ಗೆಳೆಯರು. ನನಗೆ ಒಪ್ಪಲು ಮನಸ್ಸಾಗುತ್ತಿಲ್ಲ, ಎದುರುತ್ತರ ಕೊಡಲೂ ಗೊತ್ತಾಗುತ್ತಿಲ್ಲ. ಇಂಥ ಸಂಬಳ ನ್ಯಾಯವೇ? ಇದಕ್ಕೊಂದು ಮಿತಿ ಹಾಕಬಹುದೇ?

ಉತ್ತರ: ನಿಮ್ಮ ಗೆಳೆಯರ ಮಾತು ಆಟಗಾರರ ವಿಷಯದಲ್ಲಿ ಮುಕ್ಕಾಲು ಪಾಲು ಸರಿ, ಸಿಇಒಗಳ ವಿಷಯದಲ್ಲಿ ಕಾಲು ಪಾಲೂ ಸರಿಯಲ್ಲ. ಮೊತ್ತ ಒಂದೇ ಇರಬಹುದು, ಅದು ಬಂದ ದಾರಿ ಬೇರೆ. ಯಾವುದೇ ದೊಡ್ಡ ಸಂಬಳ ಕಣ್ಣಿಗೆ ಬಿದ್ದಾಗ ಮೂರು ಸಂಗತಿ ವಿಚಾರಿಸಬೇಕು. ಕೊಡುತ್ತಿರುವುದು ಯಾರ ದುಡ್ಡು? ಚೌಕಾಸಿಗೆ ಎದುರು ಕೂತವರಿಗೆ ‘ಆಗಲ್ಲ’ ಎನ್ನುವ ಮನಸ್ಸೂ ಅಧಿಕಾರವೂ ಇತ್ತೇ? ಕೆಲಸ ಕೆಟ್ಟರೆ ನಷ್ಟ ಯಾರ ತಲೆಗೆ?

ಮೊದಲು, ಇಷ್ಟು ದೊಡ್ಡ ಮೊತ್ತ ಹುಟ್ಟುವುದು ಹೇಗೆಂದು ನೋಡೋಣ. 1801ರ ಒಂದು ಸೀಸನ್‌ನಲ್ಲಿ ಲಂಡನ್ನಿನ ಗಾಯಕಿ ಎಲಿಜಬೆತ್ ಬಿಲ್ಲಿಂಗ್ಟನ್ 10,000 ಪೌಂಡ್ ಗಳಿಸಿದ್ದರಂತೆ. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಇದನ್ನು ದಾಖಲಿಸಿ, ಮನುಷ್ಯನ ದನಿ ಮುಟ್ಟುವ ಜನರ ಸಂಖ್ಯೆಗೆ ಮಿತಿ ಇರುವ ತನಕ ಗಾಯಕರ ಗಳಿಕೆ ಇದಕ್ಕಿಂತ ಬಹಳ ಮೇಲೆ ಹೋಗಲಾರದು ಎಂದಿದ್ದರು. ಆಮೇಲೆ ರೇಡಿಯೊ, ಟಿವಿ, ಉಪಗ್ರಹ, ಇಂಟರ್ನೆಟ್ ಒಂದರ ಹಿಂದೊಂದು ಬಂದವು, ಮಿತಿ ಬಿದ್ದುಹೋಯಿತು. ಒಂದು ಪಂದ್ಯವನ್ನು ಹತ್ತು ಸಾವಿರ ಜನ ನೋಡಲಿ, ಹತ್ತು ಕೋಟಿ ಜನ ನೋಡಲಿ, ಆಟಗಾರನ ಶ್ರಮ ಅಷ್ಟೇ. ನೋಡುವವರೆಲ್ಲ ಮೊದಲನೇ ಸ್ಥಾನದವನನ್ನೇ ನೋಡಬಹುದಾದಾಗ ನೂರನೇ ಸ್ಥಾನದವನನ್ನು ಕೇಳುವವರಿಲ್ಲ. ಪ್ರತಿಭೆಯಲ್ಲಿ ಕೂದಲೆಳೆಯ ವ್ಯತ್ಯಾಸ ಗಳಿಕೆಯಲ್ಲಿ ನೂರು ಪಟ್ಟು ಆಗುವುದು ಹೀಗೆ. 1981ರಲ್ಲಿ ಅರ್ಥಶಾಸ್ತ್ರಜ್ಞ ಷೆರ್ವಿನ್ ರೋಸೆನ್ ಇದನ್ನು ಗಣಿತದಲ್ಲಿ ತೋರಿಸಿಕೊಟ್ಟರು.

ನರ್ಸ್ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ನರ್ಸ್ ಒಂದು ಪಾಳಿಯಲ್ಲಿ ನೋಡಿಕೊಳ್ಳಬಹುದಾದ ರೋಗಿಗಳು ಬೆರಳೆಣಿಕೆಯಷ್ಟು. ಆ ಆರೈಕೆಯನ್ನು ಪ್ರಸಾರ ಮಾಡಲು ಬರುವುದಿಲ್ಲ. ಸಂಬಳ ಕೆಲಸದ ಯೋಗ್ಯತೆಯನ್ನು ಅಳೆಯುತ್ತದೆ ಎಂದು ನಂಬುವವರು ಈ ಒಂದು ಸಂಗತಿಯ ಮುಂದೆ ಸುಮ್ಮನಾಗಬೇಕು. ಅದು ಅಳೆಯುವುದು ಎಷ್ಟು ಜನರಿಗೆ ಒಟ್ಟಿಗೆ ಮಾರಬಹುದು ಮತ್ತು ಬದಲಿಗೆ ಇನ್ನೊಬ್ಬರು ಸಿಗುತ್ತಾರೆಯೇ ಎಂಬುದನ್ನು ಮಾತ್ರ.

ಈಗ ಆಟಗಾರರ ವಿಷಯ. ಇಲ್ಲಿ ಜನ ಸಾಮಾನ್ಯವಾಗಿ ಮರೆಯುವ ಮಾತೊಂದಿದೆ: ದುಡ್ಡು ಆಗಲೇ ಬಂದಾಗಿದೆ. ಪ್ರಸಾರ ಹಕ್ಕು, ಟಿಕೆಟ್, ಜಾಹೀರಾತು, ಎಲ್ಲದರಿಂದ ಲೀಗ್‌ಗೆ ಬಂದ ಹಣ ಆಟಗಾರನಿಗೆ ಹೋಗದಿದ್ದರೆ ತಂಡದ ಮಾಲೀಕನಿಗೆ ಹೋಗುತ್ತದೆ. ನರ್ಸ್‌ಗಂತೂ ಹೋಗುವುದಿಲ್ಲ.

ಅಮೆರಿಕದ ಬೇಸ್‌ಬಾಲ್ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿ ‘ರಿಸರ್ವ್ ಕ್ಲಾಸ್’ ಎಂಬ ಷರತ್ತು ದಶಕಗಳ ಕಾಲ ಜಾರಿಯಲ್ಲಿತ್ತು. ಕರಾರಿನ ಅವಧಿ ಮುಗಿದರೂ ಆಟಗಾರ ಅದೇ ತಂಡದ ಸೊತ್ತು, ಬೇರೆಯವರ ಜೊತೆ ಮಾತನಾಡುವಂತೆಯೇ ಇರಲಿಲ್ಲ. ಕರ್ಟ್ ಫ್ಲಡ್ ಎಂಬ ಆಟಗಾರ ಇದನ್ನು ಪ್ರಶ್ನಿಸಿ 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. 1975ರ ಡಿಸೆಂಬರ್‌ನಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಜ್ ಇಬ್ಬರು ಆಟಗಾರರ ಪರವಾಗಿ ತೀರ್ಪು ಕೊಟ್ಟ ಮೇಲೆ ಆ ಷರತ್ತು ಸಡಿಲವಾಯಿತು. 1975ರಲ್ಲಿ ಸರಾಸರಿ ಸಂಬಳ ಸುಮಾರು 45,000 ಡಾಲರ್, 1980ಕ್ಕೆ ಅದು 1,43,000 ದಾಟಿತು. ಆ ಐದು ವರ್ಷದಲ್ಲಿ ಚೆಂಡು ಹೊಡೆಯುವ ಕೌಶಲ ಮೂರು ಪಟ್ಟಾಗಲಿಲ್ಲ. ಅಷ್ಟು ವರ್ಷ ಆಟಗಾರರಿಗೆ ಸಲ್ಲಬೇಕಾದ್ದು ಎಲ್ಲಿಗೆ ಹೋಗುತ್ತಿತ್ತು ಎಂಬುದು ಮಾತ್ರ ಬಯಲಾಯಿತು. ಯುರೋಪಿನ ಫುಟ್‌ಬಾಲ್‌ನಲ್ಲಿ 1995ರ ಬಾಸ್ಮನ್ ತೀರ್ಪು ಮಾಡಿದ್ದೂ ಇಂಥದೇ ಕೆಲಸ: ಕರಾರು ಮುಗಿದ ಆಟಗಾರನಿಗೆ ಹಳೆಯ ಕ್ಲಬ್ ಬೆಲೆ ಕಟ್ಟುವ ಹಕ್ಕು ಹೋಯಿತು.

ಇಂದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದದ ಪ್ರಕಾರ ಬ್ಯಾಸ್ಕೆಟ್‌ಬಾಲ್ ಆದಾಯದ 49ರಿಂದ 51 ಶೇಕಡಾ ಆಟಗಾರರಿಗೆ. ಪ್ರತಿ ತಂಡದ ಒಟ್ಟು ಸಂಬಳಕ್ಕೂ ಒಬ್ಬ ಆಟಗಾರನ ಸಂಬಳಕ್ಕೂ ಮಿತಿ ಇದೆ. ಲೀಗ್‌ನ ಅತ್ಯುತ್ತಮ ಆಟಗಾರ ಮುಕ್ತ ಮಾರುಕಟ್ಟೆಯಲ್ಲಿ ಸಿಗಬಹುದಾದ್ದಕ್ಕಿಂತ ಕಡಿಮೆಯನ್ನೇ ಪಡೆಯುತ್ತಾನೆ. ಮೇಜಿನ ಆಚೆ ಕೂತ ಮಾಲೀಕ ಕೊಡುವುದು ತನ್ನ ಜೇಬಿನ ಹಣ, ಆದ್ದರಿಂದ ಪೈಸೆಪೈಸೆಗೂ ಜಗಳಾಡುತ್ತಾನೆ. ಆಟಗಾರ ಏನು ಮಾಡಿದ ಎಂಬುದು ಪ್ರತಿ ಪಂದ್ಯದಲ್ಲೂ ಎಲ್ಲರ ಕಣ್ಣೆದುರು ನಡೆಯುತ್ತದೆ. ನನ್ನ ಮೂರು ಪ್ರಶ್ನೆಗಳಲ್ಲಿ ಮೊದಲೆರಡನ್ನು ಈ ಸಂಬಳ ಸಲೀಸಾಗಿ ದಾಟುತ್ತದೆ.

‘ಆಟಗಾರರ ದುರಾಸೆಯಿಂದಲೇ ಟಿಕೆಟ್ ದುಬಾರಿ’ ಎಂಬುದು ತಲೆಕೆಳಗಾದ ಲೆಕ್ಕ. ಕ್ರೀಡಾಂಗಣದ ಆಸನಗಳ ಸಂಖ್ಯೆ ನಿಗದಿ. ಜನ ಎಷ್ಟು ಕೊಡಲು ಸಿದ್ಧರೋ ಅಷ್ಟು ಬೆಲೆಯನ್ನು ಮಾಲೀಕ ಇಟ್ಟೇ ಇಡುತ್ತಾನೆ, ಸಂಬಳ ಇಳಿದರೆ ಟಿಕೆಟ್ ಇಳಿಯುವುದಿಲ್ಲ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ದಶಕಗಟ್ಟಲೆ ಆಟಗಾರರಿಗೆ ಸಂಬಳ ಕೊಡುವುದೇ ನಿಷಿದ್ಧವಾಗಿತ್ತು. ಟಿಕೆಟ್ ಅಗ್ಗವಾಗಲಿಲ್ಲ. ಹಣ ತರಬೇತುದಾರರಿಗೂ ಭವ್ಯ ಕಟ್ಟಡಗಳಿಗೂ ಹರಿಯಿತು. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಯಾರೆಂದು ನೋಡಿದರೆ, ರಾಜ್ಯಪಾಲರೂ ಅಲ್ಲ, ಆಸ್ಪತ್ರೆಯ ಮುಖ್ಯಸ್ಥರೂ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಮಿತಿ ಹಾಕಿದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಹಾಗಾದರೆ ಆಟಗಾರರ ಸಂಬಳದಲ್ಲಿ ಕೊಂಕೇ ಇಲ್ಲವೇ? ಇದೆ. ನಿಮ್ಮ ಗೆಳೆಯರ ವಾದದ ಬಲವಾದ ರೂಪವನ್ನು 1974ರಲ್ಲಿ ತತ್ತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ ಮುಂದಿಟ್ಟರು. ಬ್ಯಾಸ್ಕೆಟ್‌ಬಾಲ್ ತಾರೆ ವಿಲ್ಟ್ ಚೇಂಬರ್‌ಲಿನ್ ಆಟ ನೋಡಲು 10 ಲಕ್ಷ ಜನ ಬರುತ್ತಾರೆ, ಪ್ರತಿಯೊಬ್ಬರೂ ಮನಸಾರೆ ಅವನ ಪಾಲಿಗೆಂದು 25 ಸೆಂಟ್ ಡಬ್ಬಿಗೆ ಹಾಕುತ್ತಾರೆ, ಅವನಿಗೆ 2,50,000 ಡಾಲರ್ ಸೇರುತ್ತದೆ. ಯಾರ ಮೇಲೂ ಒತ್ತಾಯವಿಲ್ಲ, ಅನ್ಯಾಯ ಎಲ್ಲಿ? ಕೇಳಲು ಚೆನ್ನಾಗಿದೆ. ಆದರೆ ಇಂದಿನ ಕ್ರೀಡಾ ಆದಾಯ ಡಬ್ಬಿಗೆ ಬಿದ್ದ ನಾಣ್ಯವಷ್ಟೇ ಅಲ್ಲ. ಕೇಬಲ್ ಟಿವಿಯ ಪ್ಯಾಕೇಜ್‌ನಲ್ಲಿ ಕ್ರೀಡಾ ವಾಹಿನಿ ಸೇರಿಕೊಂಡಿದ್ದಾಗ ಆಟವನ್ನೇ ನೋಡದ ಮನೆಗಳೂ ಪ್ರತಿ ತಿಂಗಳು ಅದಕ್ಕೆ ಹಣ ಕಟ್ಟಿದವು. ತಂಡಗಳೆಲ್ಲ ಒಟ್ಟಾಗಿ ಪ್ರಸಾರ ಹಕ್ಕು ಮಾರಲು ಅಮೆರಿಕದಲ್ಲಿ 1961ರ ಕಾನೂನು ವಿನಾಯಿತಿ ಕೊಟ್ಟಿದೆ. ಬೇರೆ ಉದ್ಯಮ ಹೀಗೆ ಮಾಡಿದರೆ ಕೂಟ ಕಟ್ಟಿ ಬೆಲೆ ಏರಿಸಿದ ಮೊಕದ್ದಮೆ ಬೀಳುತ್ತದೆ. ಕ್ರೀಡಾಂಗಣಗಳಿಗೆ ತೆರಿಗೆದಾರರ ಹಣ ಸುರಿಯುವುದೂ ಉಂಟು, ಅದು ಊರಿಗೆ ವಾಪಸಾಗುವುದಿಲ್ಲ ಎಂಬ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಲ್ಲಿ ಅಪರೂಪದ ಒಮ್ಮತವಿದೆ. ಹಂಚಿಕೆ ನ್ಯಾಯವಾಗಿದ್ದರೂ ಹಂಚುವ ರಾಶಿಯಲ್ಲೇ ಒಂದಿಷ್ಟು ಸಲ್ಲದ ಹಣ ಸೇರಿದೆ. ಇದನ್ನು ಸರಿಪಡಿಸಬೇಕಾದ್ದು ವಿನಾಯಿತಿ ಮತ್ತು ಸಹಾಯಧನ ಕಡಿದು, ಆಟಗಾರನ ಪಾಲು ಕಡಿದಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಕೆಳಗಿನ ಮೆಟ್ಟಿಲುಗಳಲ್ಲಿದೆ, ಅದು ಸುದ್ದಿಯಾಗುವುದಿಲ್ಲ. ಕೋಟಿಗಟ್ಟಲೆ ಕರಾರು ಬರೆಯುವ ಬೇಸ್‌ಬಾಲ್ ಸಂಸ್ಥೆಗಳೇ 2022ರ ತನಕ ತಮ್ಮ ಅತಿ ಕೆಳಗಿನ ದರ್ಜೆಯ ಆಟಗಾರನಿಗೆ ವರ್ಷಕ್ಕೆ 4,800 ಡಾಲರ್ ಕನಿಷ್ಠ ಸಂಬಳ ಕೊಡುತ್ತಿದ್ದವು. ಅತಿ ಮೇಲಿನ ತಂಡಕ್ಕೆ ಒಂದೇ ಮೆಟ್ಟಿಲು ಬಾಕಿ ಇರುವ ಟ್ರಿಪಲ್-ಎ ಆಟಗಾರನಿಗೆ 17,500. ಇವರು ಸಂಘ ಕಟ್ಟಿಕೊಂಡ ಮೇಲೆ 2023ರ ಒಪ್ಪಂದದಲ್ಲಿ ಅವು ಕ್ರಮವಾಗಿ 19,800 ಮತ್ತು 35,800 ಆದವು. ಅದೇ ವರ್ಷ ಆ ಒಂದು ಮೆಟ್ಟಿಲು ಹತ್ತಿದವನಿಗೆ ಕನಿಷ್ಠ 7,20,000. ಆಟಗಾರನ ಬದುಕು ಎಷ್ಟು ಚಿಕ್ಕದೆಂದೂ ನೆನಪಿಡಿ. ಅಮೆರಿಕನ್ ಫುಟ್‌ಬಾಲ್‌ನ ಆಟಗಾರರ ಸಂಘದ ಲೆಕ್ಕದಲ್ಲಿ ಸರಾಸರಿ ವೃತ್ತಿಜೀವನ ಮೂರೂವರೆ ವರ್ಷವೂ ಇಲ್ಲ. 1996ರಿಂದ 2003ರ ನಡುವೆ ಆ ಲೀಗ್‌ಗೆ ಆಯ್ಕೆಯಾದವರನ್ನು ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ನಿವೃತ್ತಿಯಾದ 12 ವರ್ಷದೊಳಗೆ ಸುಮಾರು ಆರರಲ್ಲಿ ಒಬ್ಬರು ದಿವಾಳಿ ಅರ್ಜಿ ಹಾಕಿದ್ದರು. ಮೂರನೇ ಪ್ರಶ್ನೆಗೆ, ಅಂದರೆ ನಷ್ಟ ಯಾರ ತಲೆಗೆ ಎಂಬುದಕ್ಕೆ, ಆಟಗಾರನ ಮಂಡಿಯೇ ಉತ್ತರ.

ಸಿಇಒ ಸಂಬಳದ ಕಥೆ ಬೇರೆ. ಅದನ್ನು ನಿರ್ಧರಿಸುವುದು ನಿರ್ದೇಶಕ ಮಂಡಳಿಯ ಸಂಭಾವನಾ ಸಮಿತಿ. ಸಾಮಾನ್ಯವಾಗಿ ಮೂರರಿಂದ ಐದು ಸದಸ್ಯರು, ಅವರಲ್ಲಿ ಹಲವರು ಬೇರೆ ಕಂಪನಿಗಳ ಹಾಲಿ ಅಥವಾ ಮಾಜಿ ಸಿಇಒಗಳು. ಕೊಡುವುದು ಷೇರುದಾರರ ಹಣ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇಲ್ಲಿ ಅಕ್ಷರಶಃ ಕೂರುತ್ತದೆ. ಸದಸ್ಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಪ್ರತಿ ತಿಂಗಳು ಜೊತೆಯಲ್ಲಿ ಕೆಲಸ ಮಾಡಬೇಕಾದ ಮನುಷ್ಯನಿಗೆ, ಇನ್ನೊಬ್ಬರ ಹಣದ ವಿಷಯದಲ್ಲಿ, ಮುಖ ಕೊಟ್ಟು ‘ಆಗಲ್ಲ’ ಎನ್ನಲು ಅವರಿಗೆ ಯಾವ ಲಾಭವೂ ಇಲ್ಲ.

ಸಮಿತಿ ಒಬ್ಬ ಸಲಹೆಗಾರರನ್ನು ನೇಮಿಸುತ್ತದೆ. ಅವರು ‘ಸಮಾನ ಕಂಪನಿಗಳು’ ಎಂದು ಹದಿನೈದು-ಇಪ್ಪತ್ತು ಹೆಸರುಗಳ ಪಟ್ಟಿ ಮಾಡುತ್ತಾರೆ. ಆ ಗುಂಪಿನಲ್ಲಿ ನಮ್ಮ ಸಿಇಒ ಎಲ್ಲಿರಬೇಕು ಎಂದು ಸಮಿತಿ ತೀರ್ಮಾನಿಸುತ್ತದೆ. ಎಡವಟ್ಟು ಇಲ್ಲೇ. ‘ನಮ್ಮವರು ಸಾಧಾರಣಕ್ಕಿಂತ ಕೆಳಗೆ’ ಎಂದು ಯಾವ ಮಂಡಳಿಯೂ ಬರೆದುಕೊಡುವುದಿಲ್ಲ. ಐದು ಕಂಪನಿಗಳನ್ನು ತೆಗೆದುಕೊಳ್ಳಿ: ಸಂಬಳ 80 ಲಕ್ಷ, 90 ಲಕ್ಷ, 100 ಲಕ್ಷ, 110 ಲಕ್ಷ, 120 ಲಕ್ಷ ಡಾಲರ್. ಕೆಳಗಿನ ಎರಡು ಕಂಪನಿಗಳು ‘ಮೇಲಿನಿಂದ ಎರಡನೇ ಸ್ಥಾನದಷ್ಟಾದರೂ ಕೊಡೋಣ’ ಎಂದುಕೊಂಡು 110 ಲಕ್ಷಕ್ಕೆ ಏರಿಸುತ್ತವೆ. ಈಗ ಸಾಲು 100, 110, 110, 110, 120. ಮಧ್ಯದ ಮೊತ್ತ ಒಂದೇ ವರ್ಷದಲ್ಲಿ 100ರಿಂದ 110ಕ್ಕೆ ಹಾರಿತು. ಯಾರೂ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಲಿಲ್ಲ. ಮುಂದಿನ ವರ್ಷ 100 ಲಕ್ಷದವರು ‘ನಾವೇ ಕೊನೆಯವರು’ ಎಂದು ದೂರುತ್ತಾರೆ. ಇದನ್ನು ನಲವತ್ತು ವರ್ಷ ತಿರುಗಿಸಿ ನೋಡಿ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ 1965ರಲ್ಲಿ ಸಿಇಒ ಗಳಿಕೆ ಸಾಮಾನ್ಯ ಕೆಲಸಗಾರನ ಸುಮಾರು 20 ಪಟ್ಟಿತ್ತು, ಈಗ 300 ಪಟ್ಟಿನ ಆಸುಪಾಸಿನಲ್ಲಿದೆ. ಅದಕ್ಕೆ ಈ ಗಿರಕಿಯೊಂದೇ ಕಾರಣವಲ್ಲ, ಆದರೆ ಗಿರಕಿ ನಿಲ್ಲಿಸುವ ಕೈ ಎಲ್ಲೂ ಇರಲಿಲ್ಲ.

‘ಸಂಬಳದ ಬಹುಪಾಲು ಷೇರಿನ ರೂಪದಲ್ಲಿದೆ, ಕಂಪನಿ ಗೆದ್ದರೆ ಮಾತ್ರ ಅವರೂ ಗೆಲ್ಲುತ್ತಾರೆ’ ಎಂಬ ಸಮರ್ಥನೆ ನೀವು ಕೇಳಿರುತ್ತೀರಿ. ಲೆಕ್ಕ ಹಾಕಿ ನೋಡೋಣ. ಷೇರಿನ ಬೆಲೆ 50 ಡಾಲರ್ ಇದ್ದಾಗ, ಅದೇ ಬೆಲೆಗೆ ಮುಂದೆ ಕೊಳ್ಳುವ ಹಕ್ಕನ್ನು, ಅಂದರೆ ಸ್ಟಾಕ್ ಆಪ್ಷನ್ನನ್ನು, 10 ಲಕ್ಷ ಷೇರಿಗೆ ಕೊಟ್ಟರು ಎನ್ನಿ. ಮೂರು ವರ್ಷದಲ್ಲಿ ಇಡೀ ಮಾರುಕಟ್ಟೆ ಶೇ 30 ಏರಿತು, ಈ ಕಂಪನಿಯ ಷೇರು ಶೇ 20 ಏರಿ 60 ಆಯಿತು. ಕಂಪನಿ ಮಾರುಕಟ್ಟೆಗಿಂತ ಹಿಂದೆ ಬಿದ್ದಿದೆ. ಆದರೂ ಷೇರಿಗೆ 10 ಡಾಲರ್‌ನಂತೆ ಸಿಇಒ ಕೈಗೆ 1 ಕೋಟಿ ಡಾಲರ್. ಕೊಳ್ಳುವ ಬೆಲೆಯನ್ನು ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿದ್ದರೆ ಅದು 65 ಆಗಿರುತ್ತಿತ್ತು, ಸಿಗುವುದು ಸೊನ್ನೆ. ಈ ಸರಳ ತಿದ್ದುಪಡಿ ದಶಕಗಳಿಂದ ಎಲ್ಲರಿಗೂ ಗೊತ್ತು, ಮಾಡುವ ಕಂಪನಿ ಮಾತ್ರ ವಿರಳ. ತೈಲ ಕಂಪನಿಗಳನ್ನು ಅಧ್ಯಯನ ಮಾಡಿದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್, ಕಚ್ಚಾತೈಲದ ಬೆಲೆ ಏರಿದಾಗ ಸಿಇಒ ಗಳಿಕೆಯೂ ಏರುತ್ತದೆ ಎಂದು 2001ರಲ್ಲಿ ತೋರಿಸಿದರು. ತೈಲದ ಬೆಲೆ ಯಾವ ಸಿಇಒ ಕೈಯಲ್ಲೂ ಇಲ್ಲ. ಮಂಡಳಿಯ ಮೇಲೆ ಕಣ್ಣಿಟ್ಟ ದೊಡ್ಡ ಷೇರುದಾರ ಇದ್ದ ಕಂಪನಿಗಳಲ್ಲಿ ಈ ಅದೃಷ್ಟದ ಸಂಬಳ ಕಡಿಮೆ. ‘ಆಗಲ್ಲ’ ಎನ್ನುವವರು ಎದುರಿಗಿದ್ದರೆ ಫಲಿತಾಂಶ ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ನನಗೆ ಗೊತ್ತಿಲ್ಲ.

ಸಿಇಒಗಳ ಪರವಾದ ಗಟ್ಟಿ ವಾದವನ್ನೂ ಕೇಳಬೇಕು. 10,000 ಕೋಟಿ ಡಾಲರ್ ಬೆಲೆಬಾಳುವ ಕಂಪನಿಯಲ್ಲಿ, ಒಬ್ಬ ಮುಖ್ಯಸ್ಥ ಇನ್ನೊಬ್ಬನಿಗಿಂತ ಅರ್ಧ ಶೇಕಡಾ ಮೇಲಾದರೂ ವ್ಯತ್ಯಾಸ 50 ಕೋಟಿ ಡಾಲರ್. ಅಂಥವನಿಗೆ 2 ಕೋಟಿ ಹೆಚ್ಚೇನಲ್ಲ. 1980ರಿಂದ 2003ರ ನಡುವೆ ಅಮೆರಿಕದ ದೊಡ್ಡ ಕಂಪನಿಗಳ ಮಾರುಕಟ್ಟೆ ಮೌಲ್ಯ ಆರು ಪಟ್ಟಾಯಿತು, ಸಿಇಒ ಸಂಬಳವೂ ಸುಮಾರು ಆರು ಪಟ್ಟಾಯಿತು ಎಂದು ಅರ್ಥಶಾಸ್ತ್ರಜ್ಞರಾದ ಗಬೇ ಮತ್ತು ಲಾಂಡಿಯೆ ತೋರಿಸಿದ್ದಾರೆ. ತರ್ಕ ಚೊಕ್ಕಟ. ಆದರೆ ಎರಡನೇ ಮಹಾಯುದ್ಧದ ನಂತರ 1970ರ ದಶಕದ ಮಧ್ಯದವರೆಗೂ ಕಂಪನಿಗಳು ಭರದಿಂದ ಬೆಳೆದವು, ಆಗ ಸಿಇಒ ಸಂಬಳ ಬಹುಮಟ್ಟಿಗೆ ಇದ್ದಲ್ಲೇ ಇತ್ತು. ಕಂಪನಿಯ ಗಾತ್ರವೇ ಸಂಬಳವನ್ನು ಎಳೆಯುವುದಾದರೆ ಆಗೇಕೆ ಎಳೆಯಲಿಲ್ಲ? ಇನ್ನೊಂದು ಮಾತು. ಕೈಯಲ್ಲಿ ಎಷ್ಟು ಮೌಲ್ಯದ ಹೊಣೆ ಇದೆ ಎಂಬುದು ಸಂಬಳ ನಿರ್ಧರಿಸುವುದಿಲ್ಲ. ಮುನ್ನೂರು ಜೀವಗಳ ಹೊಣೆ ಹೊತ್ತ ಪೈಲಟ್‌ಗೆ ಆ ಜೀವಗಳ ಬೆಲೆಯ ಪಾಲು ಯಾರೂ ಕೊಡುವುದಿಲ್ಲ, ಏಕೆಂದರೆ ವಿಮಾನ ಹಾರಿಸಬಲ್ಲವರು ಬೇರೆಯವರೂ ಇದ್ದಾರೆ. ದೊಡ್ಡ ಕಂಪನಿಗಳ ಸಿಇಒಗಳಲ್ಲಿ ಹೆಚ್ಚಿನವರು ಅದೇ ಕಂಪನಿಯೊಳಗೆ ಬೆಳೆದು ಬಂದವರು. ‘ಕೊಡದಿದ್ದರೆ ಬೇರೆ ಕಡೆ ಹೋಗಿಬಿಡುತ್ತಾರೆ’ ಎಂಬ ಬೆದರಿಕೆ ಅವರ ವಿಷಯದಲ್ಲಿ ಪೊಳ್ಳು.

ಮಿತಿ ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಿ ನೋಡಿದ್ದಾರೆ. ಕಂಪನಿ ಕೈಬದಲಾದಾಗ ಸಿಇಒ ಹೊತ್ತೊಯ್ಯುವ ಪರಿಹಾರ ಮಾಮೂಲು ವಾರ್ಷಿಕ ಗಳಿಕೆಯ ಮೂರು ಪಟ್ಟು ಮುಟ್ಟಿದರೆ ದಂಡದ ತೆರಿಗೆ ಎಂದು ಅಮೆರಿಕ 1984ರಲ್ಲಿ ಕಾನೂನು ಮಾಡಿತು. ಅಲ್ಲಿಯ ತನಕ ಅಂಥ ಪರಿಹಾರವೇ ಇಲ್ಲದ ಕಂಪನಿಗಳೂ 2.99 ಪಟ್ಟು ಎಂದು ಕರಾರಿನಲ್ಲಿ ಬರೆದುಕೊಂಡವು. 1993ರಲ್ಲಿ, 10 ಲಕ್ಷ ಡಾಲರ್ ಮೀರಿದ ಸಂಬಳವನ್ನು ಕಂಪನಿ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂದರು, ಸಾಧನೆಗೆ ತಕ್ಕ ಸಂಭಾವನೆಗೆ ಮಾತ್ರ ವಿನಾಯಿತಿ. ಕಡಿಮೆ ಪಡೆಯುತ್ತಿದ್ದ ಹಲವರ ಮೂಲ ಸಂಬಳ 10 ಲಕ್ಷಕ್ಕೆ ಏರಿತು, ಸ್ಟಾಕ್ ಆಪ್ಷನ್‌ಗಳು ಪ್ರವಾಹದಂತೆ ಹರಿದವು. ಆ ವಿನಾಯಿತಿಯನ್ನು ತೆಗೆದದ್ದು 2017ರಲ್ಲಿ. ಮಿತಿ ಎಂದು ಬರೆದದ್ದು ಎರಡೂ ಸಲ ಕನಿಷ್ಠ ದರವಾಗಿ ಕೂತಿತು. ಸ್ವಿಟ್ಜರ್‌ಲೆಂಡ್ ಜನಮತಕ್ಕೇ ಹೋಯಿತು. ಆಡಳಿತಗಾರರ ಸಂಭಾವನೆಗೆ ಷೇರುದಾರರ ಕಡ್ಡಾಯ ಮತ ಬೇಕು ಎಂಬ ಪ್ರಸ್ತಾವ 2013ರ ಮಾರ್ಚ್‌ನಲ್ಲಿ ಸುಮಾರು ಶೇ 68 ಮತದಿಂದ ಗೆದ್ದಿತು. ಮೇಲಿನವರ ಸಂಬಳ ಅದೇ ಕಂಪನಿಯ ಅತಿ ಕಡಿಮೆ ಸಂಬಳದ 12 ಪಟ್ಟು ಮೀರಬಾರದು ಎಂಬುದು ಅದೇ ನವೆಂಬರ್‌ನಲ್ಲಿ ಶೇ 65 ವಿರೋಧದೊಂದಿಗೆ ಬಿದ್ದುಹೋಯಿತು. ಆ ಮತದಾರರು ಸರಿಯಾಗಿಯೇ ಆರಿಸಿದರು ಎಂಬುದು ನನ್ನ ಅಭಿಪ್ರಾಯ. ಪಟ್ಟಿನ ಮಿತಿ ಬಂದರೆ ಕಂಪನಿ ಕಸಗುಡಿಸುವವರನ್ನೂ ಕಾವಲುಗಾರರನ್ನೂ ಗುತ್ತಿಗೆಗೆ ಕೊಟ್ಟು ತನ್ನ ಅತಿ ಕಡಿಮೆ ಸಂಬಳವನ್ನು ಕಾಗದದ ಮೇಲೆ ಏರಿಸಿಕೊಳ್ಳುತ್ತದೆ. ನಷ್ಟವಾಗುವುದು ಆ ಬಡವರಿಗೇ.

ಸಿಇಒ ಸಂಬಳ ಕಡಿದು ಕೆಲಸಗಾರರಿಗೆ ಹಂಚಿ ಎಂಬ ಬೇಡಿಕೆಯ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2 ಕೋಟಿ ಡಾಲರನ್ನು ಒಂದು ಲಕ್ಷ ನೌಕರರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 200 ಡಾಲರ್. ಅದರಿಂದ ಯಾರ ಬದುಕೂ ಬದಲಾಗದು. ನರ್ಸ್ ಸಂಬಳ ಏರಬೇಕಾದರೆ ಆರೋಗ್ಯಕ್ಕೆ ಸರ್ಕಾರ ಹೆಚ್ಚು ಖರ್ಚು ಮಾಡಬೇಕು, ನರ್ಸ್‌ಗಳ ಸಂಘ ಬಲವಾಗಬೇಕು, ಆ ಹಣಕ್ಕೆ ತಾರೆಗಳೂ ಸಿಇಒಗಳೂ ತಮ್ಮ ಗಳಿಕೆಗೆ ತಕ್ಕ ತೆರಿಗೆ ಕಟ್ಟಬೇಕು. ಇಲ್ಲಿ ಆಟಗಾರನಿಗೂ ಸಿಇಒಗೂ ಭೇದ ಬೇಡ. ಅಪರೂಪದ ಎತ್ತರ, ತಾಲೀಮಿಗೆ ಬಗ್ಗುವ ಮೈ, ಸರಿಯಾದ ಕಾಲದಲ್ಲಿ ಹುಟ್ಟಿದ್ದು, ಇವು ಯಾರೂ ದುಡಿದು ಸಂಪಾದಿಸಿದ್ದಲ್ಲ. ಬಿಲ್ಲಿಂಗ್ಟನ್‌ಗಿಂತ ಚೆನ್ನಾಗಿ ಹಾಡುವವರು ಟಿವಿ ಇಲ್ಲದ ಕಾಲದಲ್ಲಿ ಎಷ್ಟೋ ಜನ ಇದ್ದಿರಬಹುದು.

ನಿಮ್ಮ ಹತ್ತಿರ ಷೇರು ಇದ್ದರೆ, ಇಲ್ಲವೇ ಉಳಿತಾಯ ಮ್ಯೂಚುವಲ್ ಫಂಡ್‌ನಲ್ಲಿದ್ದರೆ, ಕಂಪನಿಯ ಸಂಭಾವನಾ ವರದಿ ತೆಗೆದು ನೋಡಿ. ಮೊತ್ತದ ಮೇಲೆ ಕಣ್ಣು ನೆಡಬೇಡಿ. ‘ಸಮಾನ ಕಂಪನಿಗಳ’ ಪಟ್ಟಿ ಹುಡುಕಿ, ನಿಮ್ಮ ಕಂಪನಿಗಿಂತ ಎರಡು-ಮೂರು ಪಟ್ಟು ದೊಡ್ಡ ಹೆಸರುಗಳು ಎಷ್ಟಿವೆ ಎಣಿಸಿ. ಬೋನಸ್ ಯಾವ ಅಳತೆಗೆ ಕಟ್ಟಿದ್ದಾರೆ ನೋಡಿ. ‘ಪ್ರತಿ ಷೇರಿನ ಲಾಭ’ ಎಂದಿದ್ದರೆ ಎಚ್ಚರ: ಲಾಭ 100 ಕೋಟಿ, ಷೇರು 10 ಕೋಟಿ ಇದ್ದಾಗ ಅದು 10. ಕಂಪನಿ ತನ್ನದೇ 1 ಕೋಟಿ ಷೇರು ಮರಳಿ ಕೊಂಡರೆ, ಲಾಭ ಒಂದು ಪೈಸೆ ಏರದೆಯೂ ಅದು 11.11 ಆಗುತ್ತದೆ, ಬೋನಸ್ ಖಾತ್ರಿ. ‘ಹೊಂದಿಸಿದ ಲಾಭ’ ಎಂಬ ಮಾತು ಬಂದರೆ ಏನೇನನ್ನು ಲೆಕ್ಕದಿಂದ ಹೊರಗಿಟ್ಟರು ಎಂಬ ಅಡಿಟಿಪ್ಪಣಿ ಓದಿ. ದಂಡ, ಕಾರ್ಖಾನೆ ಮುಚ್ಚಿದ ಖರ್ಚು, ಕೆಟ್ಟ ಖರೀದಿಯ ನಷ್ಟ ಅಲ್ಲೇ ಅಡಗಿರುತ್ತವೆ. ವರ್ಷದ ನಡುವೆ ಗುರಿ ಇಳಿಸಿದ್ದಾರೆಯೇ ಎಂದು ಹಿಂದಿನ ವರ್ಷದ ವರದಿಯೊಂದಿಗೆ ಹೋಲಿಸಿ. ಸಿಇಒ ಮತ್ತು ನಡುಮಟ್ಟದ ನೌಕರನ ಸಂಬಳದ ಅನುಪಾತ ಕೊಟ್ಟಿದ್ದರೆ ಅದೇ ಕಂಪನಿಯ ಹಳೆಯ ಅನುಪಾತದೊಂದಿಗೆ ಮಾತ್ರ ಹೋಲಿಸಿ. ಬ್ಯಾಂಕ್‌ನದನ್ನು ಅಂಗಡಿ ಸರಪಳಿಯದರ ಜೊತೆ ಇಟ್ಟರೆ ಅರ್ಥವಿಲ್ಲ.

ಕೊನೆಯದಾಗಿ, ‘ಕೆಲಸದಿಂದ ತೆಗೆದರೆ’ ಎಂಬ ಭಾಗ ಓದಿ. ಉಂಡೂ ಹೋದ ಕೊಂಡೂ ಹೋದ ಎನ್ನುವಂಥ ಷರತ್ತುಗಳೆಲ್ಲ ಇರುವುದು ಅಲ್ಲಿ. 346 ಜನರನ್ನು ಬಲಿ ತೆಗೆದುಕೊಂಡ ಎರಡು ವಿಮಾನ ದುರಂತಗಳ ನಂತರ ಬೋಯಿಂಗ್ ಮುಖ್ಯಸ್ಥರು 2019ರ ಡಿಸೆಂಬರ್‌ನಲ್ಲಿ ಹುದ್ದೆ ಬಿಟ್ಟಾಗ ಮಂಡಳಿ ನಿರ್ಗಮನ ಪರಿಹಾರ ಕೊಡಲಿಲ್ಲ. ಆದರೂ ಕರಾರಿನ ಪ್ರಕಾರ ಅದಾಗಲೇ ಅವರದಾಗಿದ್ದ ಷೇರು, ಪಿಂಚಣಿ ಸೇರಿ ಸುಮಾರು 6.2 ಕೋಟಿ ಡಾಲರ್ ಅವರ ಪಾಲಿಗೆ ಉಳಿಯಿತು. ಲೆಕ್ಕಪತ್ರ ತಪ್ಪೆಂದು ತಿದ್ದಬೇಕಾಗಿ ಬಂದರೆ ಹಿಂದಿನ ಮೂರು ವರ್ಷಗಳಲ್ಲಿ ಹೆಚ್ಚಾಗಿ ಕೊಟ್ಟ ಬೋನಸ್ ಮರಳಿ ಪಡೆಯಬೇಕೆಂಬ ನಿಯಮ ಅಮೆರಿಕದ ಷೇರುಪೇಟೆಗಳಲ್ಲಿ 2023ರ ಕೊನೆಗೆ ಜಾರಿಯಾಗಿದೆ, ಆದರೆ ಅದು ಲೆಕ್ಕದ ತಪ್ಪಿಗೆ ಮಾತ್ರ, ಕೆಟ್ಟ ನಿರ್ಧಾರಕ್ಕಲ್ಲ. ಸಿಇಒ ತನ್ನ ಷೇರುಗಳನ್ನು ಹುದ್ದೆ ಬಿಟ್ಟ ಮೇಲೂ ಕೆಲವು ವರ್ಷ ಮಾರುವಂತಿಲ್ಲ ಎಂಬ ಷರತ್ತು ನಿಮ್ಮ ಕಂಪನಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ವಾರ್ಷಿಕ ಸಭೆಯ ಮತಪತ್ರದಲ್ಲಿ ಸಂಭಾವನಾ ನಿರ್ಣಯಕ್ಕೆ ‘ವಿರೋಧ’ ಎಂದು ಹಾಕಿ, ಸಂಭಾವನಾ ಸಮಿತಿಯ ಅಧ್ಯಕ್ಷರ ಮರುನೇಮಕಕ್ಕೂ ಹಾಗೆಯೇ ಹಾಕಿ. ಮಂಡಳಿಗಳು ಎರಡನೆಯದಕ್ಕೆ ಹೆಚ್ಚು ಹೆದರುತ್ತವೆ.